ಭದ್ರಾವತಿಯ ಕುಲುಮೆ

ಭದ್ರಾನದಿಯ ದಡದ ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿದ್ದಿತು. 1923 ರಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕುಲುಮೆಯು ಅಲ್ಲಿ ಹೊತ್ತಿಕೊಂಡ ಮೇಲೆ ಹಳೆಯ ಹೆಸರೇ ಆ ಊರಿಗೆ ಹೆಚ್ಚು ಒಪ್ಪುವಂತಾಯಿತು. ಆದರೆ ಕುಲುಮೆಯನ್ನು ಹೊತ್ತಿಸುವುದು ಒಂದು ವಿದ್ಯೆ, ಅದನ್ನು ನಷ್ಟವಿಲ್ಲದೆ ಉರಿಸುವುದು ಇನ್ನೊಂದು ವಿದ್ಯೆ. ಎರಡನೆಯದನ್ನು ಕಲಿಯಲು ಆ ಕಾರ್ಖಾನೆಗೆ ಬಹುಕಾಲ ಹಿಡಿಯಿತು.

ಅದಿರಿಗೆ ಕೊರತೆಯಿರಲಿಲ್ಲ, ಬಾಬಾಬುಡನ್ ಗಿರಿಗಳ ಕೆಮ್ಮಣ್ಣುಗುಂಡಿಯಲ್ಲಿ ಅದು ಯಥೇಚ್ಛವಾಗಿದ್ದಿತು. ಇಲ್ಲದಿದ್ದುದು ಕಲ್ಲಿದ್ದಲು. ಆದುದರಿಂದ ಮಲೆನಾಡಿನ ಸೌದೆಯನ್ನೇ ನೆಚ್ಚಬೇಕಾಯಿತು. ಜಗಳೂರು ಸೀಮೆಯ ಸೊಕ್ಕೆಯಂತಹ ಬಯಲಿನ ಊರಿನವರಿಗೆ ಇದು ದೊಡ್ಡ ಐಶ್ವರ್ಯವಾಗಿ ಕಂಡೀತು. ಸೌದೆಯ ಇದ್ದಲಿನಲ್ಲಿ ಗಂಧಕವು ಕಡಮೆಯಾದುದರಿಂದ ಕಬ್ಬಿಣವೂ ಶುದ್ಧವಾಗಿಯೇ ಬರುತ್ತದೆ. ಆದರೆ ಈ ಇದ್ದಲು ಕೋಕಿನಂತೆ ಗಟ್ಟಿಯಲ್ಲ. ಎತ್ತರವಾದ ಕುಲುಮೆಯಲ್ಲಿ ಮೇಲಿನ ಅದಿರಿನ ಭಾರಕ್ಕೆ ಪುಡಿಯಾಗಿಬಿಡುತ್ತದೆ. ಹೀಗಾಗಿ ಕುಲುಮೆಯು ಚಿಕ್ಕದಾಗಿಯೇ ಇರಬೇಕು. ಚಿಕ್ಕ ಕುಲುಮೆಯ ಕಬ್ಬಿಣಕ್ಕೆ ವೆಚ್ಚವು ಹೆಚ್ಚು.

ಈ ವೆಚ್ಚವನ್ನು ತೂಗಿಸಲೆಂದೇ ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಸುಟ್ಟು, ಹೊಗೆಯನ್ನು ತಣಿಸಿ, ಮರದ ಮದ್ಯಸಾರ, ಟಾರು ಮುಂತಾದುವನ್ನು ಇಳಿಸಿ ಮಾರುವ ಏರ್ಪಾಡಾಗಿದ್ದಿತು. ಯೋಜನೆಯು ಜಾಣತನದ್ದೇ. ದೈವದ ಆಟವನ್ನು ನೋಡಿರಿ: ಅದೇ 1923 ರಲ್ಲಿ ಜರ್ಮನಿಯ ಲಾಯ್ನಾ ಎಂಬಲ್ಲಿ ಮರದ ಮದ್ಯಸಾರವನ್ನು ಮರವಿಲ್ಲದೆಯೇ, ಅನಿಲಗಳಿಂದ ತಯಾರಿಸತೊಡಗಿದರು! ಮಹಾಯುದ್ಧವು ಮುಗಿದುದರಿಂದ ಕಬ್ಬಿಣದ ಬೆಲೆಯೂ ಆ ವೇಳೆಗಾಗಲೇ ಕುಸಿದಿದ್ದಿತು. ಪ್ರಜೆಗಳ ಹಣವನ್ನು ಬೆಂಕಿಗೆ ಸುರಿದಂತಾಯಿತೇ ಎಂಬ ಶಂಕೆಯು ನಿರಾಧಾರವಾಗಿರಲಿಲ್ಲ.

1912 ರಿಂದ 1918 ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1923 ರಲ್ಲಿ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿ, 1929 ರವರೆಗೆ ನಡೆಸಿದರು. ಅವರ ಸುಧಾರಣೆಯು ಯಂತ್ರದಿಂದಲ್ಲ, ಲೆಕ್ಕದಿಂದ ಮೊದಲಾಯಿತು. ಖರ್ಚಿನ ಬಾಬುಗಳನ್ನು ಕೆದಕಿ ನೋಡಿದರು. ಹೆಚ್ಚು ಸಂಬಳದ ವಿದೇಶೀ ತಜ್ಞರ ಸ್ಥಾನಗಳಿಗೆ ಕ್ರಮೇಣ ಮೈಸೂರಿನವರನ್ನೇ ತರಬೇತು ಮಾಡಿ ತಂದರು. ಕುಲುಮೆಯ ಮುಂದೆ ನಿಂತು ಅದರ ಬಣ್ಣ, ಸದ್ದುಗಳನ್ನು ಅರಿತ ಸ್ಥಳೀಯ ಕೆಲಸಗಾರರ ಒಂದು ತಲೆಮಾರು ಸಿದ್ಧವಾದುದು ಈ ಕಾಲದ ದೊಡ್ಡ ಲಾಭ. ಇದು ಜಮಾಖರ್ಚಿನ ಪುಸ್ತಕದಲ್ಲಿ ಕಾಣುವಂತಹುದಲ್ಲ. ಕಬ್ಬಿಣವನ್ನು ಬರಿಯ ಗಟ್ಟಿಗಳಾಗಿ ಮಾರುವುದರ ಜೊತೆಗೆ ನೀರಿನ ಕೊಳವೆಗಳನ್ನು ಎರಕ ಹೊಯ್ಯುವ ಕೆಲಸವೂ ನಡೆಯಿತು.

1936 ರಲ್ಲಿ ಉಕ್ಕು ಬಂದಿತು. ತರುವಾಯ ಸಿಮೆಂಟು, ಫೆರೋಸಿಲಿಕಾನುಗಳೂ ಸೇರಿದುವು. ಆದರೂ ಮೊದಲಿನ ತೊಡಕಾದ ಸೌದೆಯು ಹಾಗೆಯೇ ಉಳಿದಿದ್ದಿತು. ವರ್ಷ ಕಳೆದಂತೆ ಕಾಡು ದೂರವಾಗುವುದೇ ಹೊರತು ಹತ್ತಿರ ಬರುವುದಿಲ್ಲವಷ್ಟೆ. 1948 ರಲ್ಲಿ ಜೋಗದಲ್ಲಿ ವಿದ್ಯುತ್ತು ಹುಟ್ಟಿದ ಬಳಿಕ, 1952 ರಲ್ಲಿ ಭದ್ರಾವತಿಯಲ್ಲಿ ಎರಡು ವಿದ್ಯುತ್ ಕುಲುಮೆಗಳು ನಡೆಯತೊಡಗಿದುವು. ಅವುಗಳಿಗೆ ಕಾವನ್ನು ಕೊಟ್ಟುದು ಶರಾವತಿಯ ನೀರು. ಅದಿರಿನ ಆಮ್ಲಜನಕವನ್ನು ಬಿಡಿಸುವುದಕ್ಕೆ ಮಾತ್ರ ಇದ್ದಲು ಬೇಕಾಯಿತು.