ಎರಡು ಸರಕಾರಗಳ ಕೈದಿ: ಕ್ಯಾಪ್ಟನ್ ಅಬ್ಬಾಸ್ ಅಲಿ

ಆಜಾದ್ ಹಿಂದ್ ಫೌಜಿನ ವಿಚಾರಣೆ ಎಂದರೆ ಕೆಂಪು ಕೋಟೆ ನೆನಪಾಗುತ್ತದೆ. ಶಾ ನವಾಜ್ ಖಾನ್, ಪ್ರೇಮ್ ಸೆಹಗಲ್, ಧಿಲ್ಲೋನ್ ನೆನಪಾಗುತ್ತಾರೆ. ಅದೇ ಫೌಜಿನಲ್ಲಿದ್ದು ಮರಣದಂಡನೆಗೆ ಗುರಿಯಾಗಿದ್ದ ಅಬ್ಬಾಸ್ ಅಲಿಯವರ ಹೆಸರನ್ನು ನಮ್ಮ ಮನೆಗಳಲ್ಲಿ ಕೇಳಿದವರು ಕಡಿಮೆ.

ಅವರು ಹುಟ್ಟಿದ್ದು 1920ರ ಜನವರಿ 3ರಂದು, ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆಯ ಖುರ್ಜಾದಲ್ಲಿ. 1931ರ ಮಾರ್ಚ್ 23ರಂದು ಭಗತ್ ಸಿಂಗ್‌ರನ್ನು ಗಲ್ಲಿಗೇರಿಸಿದಾಗ ಅವರಿಗಿನ್ನೂ ಹನ್ನೊಂದು ವರ್ಷ. ಅದನ್ನು ಪ್ರತಿಭಟಿಸಿ ಖುರ್ಜಾದಿಂದ ಹೊರಟ ಮೆರವಣಿಗೆಯಲ್ಲಿ ಈ ಬಾಲಕನೂ ಇದ್ದ. ಅಲಿಗಢ ವಿಶ್ವವಿದ್ಯಾಲಯದ ಓದು ಆ ಕಿಡಿಯನ್ನು ಆರಿಸಲಿಲ್ಲ.

1939ರಲ್ಲಿ ಅವರು ಬ್ರಿಟಿಷರ ಸೇನೆಗೆ ಸೇರಿದರು. ಯುದ್ಧ ಅವರನ್ನು ಆಗ್ನೇಯ ಏಷ್ಯಾಕ್ಕೆ ಕೊಂಡೊಯ್ದಿತು. ನೇತಾಜಿಯ ‘ದಿಲ್ಲಿ ಚಲೋ’ ಕರೆ ಬಂದಾಗ ಅವರು ಆಜಾದ್ ಹಿಂದ್ ಫೌಜಿನ ಕಡೆ ನಡೆದರು. ಸಂಬಳ ಕೊಟ್ಟ ದೊರೆಗೋ, ಹೆತ್ತ ನೆಲಕ್ಕೋ, ಸಿಪಾಯಿಯ ನಿಷ್ಠೆ ಸಲ್ಲಬೇಕಾದುದು ಯಾರಿಗೆ? ಆಗ ಸಾವಿರಾರು ಯೋಧರು ಈ ಪ್ರಶ್ನೆಗೆ ತಲೆಯನ್ನೇ ಪಣಕ್ಕಿಟ್ಟು ಉತ್ತರಿಸಿದರು. ಜಪಾನ್ ಸೋತ ಬಳಿಕ ಅಬ್ಬಾಸ್ ಅಲಿ ಸೆರೆಯಾದರು. ಸೇನಾ ನ್ಯಾಯಾಲಯ ಮರಣದಂಡನೆ ವಿಧಿಸಿತು. ಶಿಕ್ಷೆ ಜಾರಿಯಾಗುವ ಮೊದಲೇ ದೇಶ ಸ್ವತಂತ್ರವಾಯಿತು, ಅವರು ಹೊರಬಂದರು.

ಫೌಜಿನ ಯೋಧರನ್ನು ಸ್ವತಂತ್ರ ಭಾರತದ ಸೇನೆಗೆ ಮರಳಿ ಸೇರಿಸಿಕೊಳ್ಳಲಿಲ್ಲ. ಇದು ನೋವಿನ ಸಂಗತಿಯೇ. ಆದರೆ ಅಬ್ಬಾಸ್ ಅಲಿಯವರು ಕೊರಗುತ್ತ ಕೂರಲಿಲ್ಲ. 1948ರಲ್ಲಿ ಸಮಾಜವಾದಿ ಪಕ್ಷ ಸೇರಿ ಆಚಾರ್ಯ ನರೇಂದ್ರ ದೇವ್, ಜಯಪ್ರಕಾಶ್ ನಾರಾಯಣ್, ಲೋಹಿಯಾರ ಜೊತೆ ದುಡಿದರು. ಚಳವಳಿಗಳಲ್ಲಿ ಮತ್ತೆ ಮತ್ತೆ ಜೈಲು ಕಂಡರು.

1975ರಲ್ಲಿ ತುರ್ತುಪರಿಸ್ಥಿತಿ ಬಂತು. ಯಾವ ಸ್ವಾತಂತ್ರ್ಯಕ್ಕಾಗಿ ಗಲ್ಲಿನ ನೆರಳಿನಲ್ಲಿ ದಿನ ಎಣಿಸಿದ್ದರೋ ಆ ಸ್ವತಂತ್ರ ದೇಶದ ಸರಕಾರವೇ ಅವರನ್ನು 19 ತಿಂಗಳು ಸೆರೆಯಲ್ಲಿಟ್ಟಿತು. ವಯಸ್ಸು ಐವತ್ತೈದು ದಾಟಿತ್ತು. ಬ್ರಿಟಿಷರ ಸೆರೆಗಿಂತ ಈ ಸೆರೆ ಮನಸ್ಸಿಗೆ ಹೆಚ್ಚು ಭಾರವಾಗಿದ್ದಿರಬೇಕೆಂದು ನಮಗೆ ತೋರುತ್ತದೆ.

1977ರಲ್ಲಿ ಅವರು ಉತ್ತರ ಪ್ರದೇಶ ಜನತಾ ಪಕ್ಷದ ಮೊದಲ ಅಧ್ಯಕ್ಷರಾದರು. ಮರುವರ್ಷ ವಿಧಾನ ಪರಿಷತ್ತಿಗೆ ಆಯ್ಕೆಯಾದರು. (ನಮ್ಮ ರಾಜ್ಯದಂತೆ ಅಲ್ಲಿಯೂ ಎರಡು ಸದನಗಳಿವೆ.) ಆರು ವರ್ಷ ಆ ಸದನದಲ್ಲಿದ್ದರು. ಶಾಸಕ ಸ್ಥಾನ ಅವರಿಗೆ ದೊರೆತದ್ದು ಹೋರಾಟದ ಬದುಕಿನ ನಾಲ್ಕು ದಶಕಗಳ ಬಳಿಕ. ಹೆಸರಿನ ಮುಂದೆ ಮಾತ್ರ ‘ಕ್ಯಾಪ್ಟನ್’ ಎಂಬುದೇ ಉಳಿಯಿತು.

ಅವರ ಆತ್ಮಕಥೆ 2009ರಲ್ಲಿ ಹೊರಬಂತು. ಹೆಸರು ‘ನ ರಹೂಂ ಕಿಸೀ ಕಾ ದಸ್ತ್‌ನಿಗರ್’, ಅಂದರೆ ಯಾರ ಕೈಯನ್ನೂ ನೋಡುತ್ತ ನಿಲ್ಲುವವನಾಗದಿರಲಿ. 2014ರ ಅಕ್ಟೋಬರ್ 11ರಂದು ಅಲಿಗಢದಲ್ಲಿ, ತಮ್ಮ 94ನೇ ವಯಸ್ಸಿನಲ್ಲಿ, ಅವರು ನಿಧನರಾದರು.