ಅಂಚೆಯೊಳಗಿನ ಆಜ್ಞೆಗೆ ಯಾರ ಅಂಕಿತ?

ವಿಜಯನಗರದ ಅರಸರ ತಾಮ್ರಶಾಸನಗಳಲ್ಲಿ ಒಂದು ವಿಶೇಷವನ್ನು ಕಾಣಬಹುದು. ಶಾಸನದ ಪಾಠ ಸಂಸ್ಕೃತದಲ್ಲಿದ್ದು ನಂದಿನಾಗರಿ ಲಿಪಿಯಲ್ಲಿದ್ದರೂ ಕೊನೆಯ ಅಂಕಿತ ಮಾತ್ರ ಸಾಮಾನ್ಯವಾಗಿ ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’ ಎಂದಿರುತ್ತದೆ. ಹಲಗೆಗಳನ್ನು ಪೋಣಿಸಿದ ಬಳೆಯ ಮೇಲೆ ವರಾಹಮುದ್ರೆ ಇರುತ್ತದೆ. ಹಂಪಿಯಿಂದ ಹೊರಟ ಆಜ್ಞೆ ಇಟ್ಟಿಗಿ, ಹಡಗಲಿ ಸೀಮೆಯನ್ನು ತಲುಪಲಿ, ದೂರದ ತಮಿಳುನಾಡನ್ನೇ ತಲುಪಲಿ, ಪಾಲಿಸಬೇಕಾದವರಿಗೆ ಎರಡು ವಿಷಯ ತಿಳಿಯಬೇಕಿತ್ತು. ಇದು ಅರಸನದೇ? ನಡುವೆ ಯಾರೂ ತಿದ್ದಿಲ್ಲವೇ?

ಗಣಕಯುಗದ ಅಂಚೆಯಲ್ಲಿ ಇವೇ ಪ್ರಶ್ನೆಗಳನ್ನು ಎಬ್ಬಿಸಿದ್ದು ಮ್ಯಾಕ್ರೊಗಳು. ಪದೇಪದೇ ಮಾಡುವ ಕೆಲಸವನ್ನು ಒಮ್ಮೆ ಆಜ್ಞೆಗಳಾಗಿ ಬರೆದಿಟ್ಟು ಬೇಕೆಂದಾಗ ನಡೆಸುವುದೇ ಮ್ಯಾಕ್ರೊ. ಬಂದ ಪತ್ರಗಳಲ್ಲಿ ಬಿಲ್ಲುಗಳನ್ನೂ ದೂರುಗಳನ್ನೂ ಬೇರ್ಪಡಿಸಿ ಕಡತಗಳಿಗೆ ಸೇರಿಸುವ ಗುಮಾಸ್ತನ ಅರ್ಧ ದಿನದ ಕೆಲಸ ಇದರಿಂದ ಕ್ಷಣದಲ್ಲಿ ಮುಗಿಯುತ್ತದೆ. 1999ರಲ್ಲಿ ಬಂದ ಮೈಕ್ರೋಸಾಫ್ಟ್ ಕಂಪನಿಯ ಔಟ್‌ಲುಕ್ 2000 ಇ-ಮೇಲ್ ತಂತ್ರಾಂಶದಲ್ಲಿ ಬಳಕೆದಾರರು ತಮ್ಮದೇ ಮ್ಯಾಕ್ರೊ ಬರೆಯುವ ಸೌಲಭ್ಯವಿತ್ತು.

ಆದರೆ ಆಜ್ಞೆ ಯಾರದೆಂದು ಕೇಳದೆ ಪಾಲಿಸುವ ಸೇವಕನಿಂದ ಅಪಾಯ ತಪ್ಪಿದ್ದಲ್ಲ. ವರ್ಡ್ ಕಡತದೊಳಗೆ ಅಡಗಿ ಹರಡುವ ‘ಕಾನ್ಸೆಪ್ಟ್’ ಎಂಬ ಮ್ಯಾಕ್ರೊ ವೈರಸ್ 1995ರಲ್ಲೇ ಕಾಣಿಸಿತ್ತು. 1999ರ ಮಾರ್ಚ್ 26ರಂದು ‘ಮೆಲಿಸ್ಸಾ’ ಬಂದಿತು. ವರ್ಡ್ ಕಡತವನ್ನು ತೆರೆದು ಮ್ಯಾಕ್ರೊ ನಡೆಯಲು ಬಿಟ್ಟರೆ ಅದು ಔಟ್‌ಲುಕ್‌ನ ವಿಳಾಸಪಟ್ಟಿಯ ಮೊದಲ 50 ವಿಳಾಸಗಳಿಗೆ ತನ್ನನ್ನು ತಾನೇ ಕಳುಹಿಸಿಕೊಳ್ಳುತ್ತಿತ್ತು. ಪತ್ರ ಪರಿಚಿತರ ಹೆಸರಿನಿಂದ ಬಂದದ್ದರಿಂದ ಜನ ನಂಬಿ ತೆರೆದರು. ದೊಡ್ಡ ದೊಡ್ಡ ಸಂಸ್ಥೆಗಳ ಅಂಚೆ ವ್ಯವಸ್ಥೆಯೇ ಸ್ಥಗಿತಗೊಂಡಿತು. ಇದನ್ನು ಹರಿಯಬಿಟ್ಟ ಅಮೆರಿಕದ ಡೇವಿಡ್ ಸ್ಮಿತ್‌ಗೆ 2002ರಲ್ಲಿ 20 ತಿಂಗಳ ಸೆರೆವಾಸವಾಯಿತು.

2000ದ ಮೇ 4ರಂದು ಫಿಲಿಪೀನ್ಸಿನಿಂದ ಹೊರಟ ‘ಐ ಲವ್ ಯು’ ಇನ್ನೂ ವೇಗವಾಗಿ ಹರಡಿತು. ಇದು ಮ್ಯಾಕ್ರೊ ಅಲ್ಲ, ಪ್ರೇಮಪತ್ರದ ಸೋಗಿನ ಲಗತ್ತಿನಲ್ಲಿದ್ದ ಸ್ಕ್ರಿಪ್ಟ್. ಆದರೂ ಅದು ಬಳಸಿದ್ದು ಅದೇ ವಿಳಾಸಪಟ್ಟಿಯ ಬಾಗಿಲನ್ನೇ. ಆ ದೇಶದಲ್ಲಿ ಇಂಥ ಕೃತ್ಯಕ್ಕೆ ಆಗ ಕಾನೂನೇ ಇರಲಿಲ್ಲವಾಗಿ ಆರೋಪ ನಿಲ್ಲಲಿಲ್ಲ.

ಭಾರತದಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆ ಜಾರಿಗೆ ಬಂದದ್ದು ಅದೇ ವರ್ಷದ ಅಕ್ಟೋಬರ್ 17ರಂದು. ಇತರರ ಗಣಕಕ್ಕೆ ಅನುಮತಿಯಿಲ್ಲದೆ ವೈರಸ್ ಸೇರಿಸುವವರು ಪರಿಹಾರ ತೆರಬೇಕೆಂದು ಅದರ 43ನೇ ಕಲಂ ಹೇಳಿದರೆ, ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ದೊರೆತದ್ದೂ ಇದೇ ಕಾಯಿದೆಯಿಂದ.

ತಂತ್ರಾಂಶದವರು ಹುಡುಕಿಕೊಂಡ ದಾರಿಯೂ ಸಹಿಯದೇ. ಮ್ಯಾಕ್ರೊ ಬರೆದವನು ತನ್ನಲ್ಲಿ ಮಾತ್ರ ಇರುವ ಗುಪ್ತ ಕೀಲಿಯಿಂದ ಅದಕ್ಕೆ ಸಹಿ ಹಾಕುತ್ತಾನೆ. ಎಲ್ಲರಿಗೂ ತಿಳಿದ ಜೋಡಿ ಕೀಲಿಯಿಂದ ಗಣಕ ಅದನ್ನು ಪರೀಕ್ಷಿಸುತ್ತದೆ. ಸಹಿಯಾದ ಮೇಲೆ ಯಾರಾದರೂ ಒಂದಕ್ಷರ ತಿದ್ದಿದರೂ ಸಹಿ ತಾಳೆಯಾಗದು. ತನ್ನ ಗಣಕಕ್ಕಷ್ಟೇ ಮ್ಯಾಕ್ರೊ ಬರೆದುಕೊಳ್ಳುವವರಿಗೆ ಮನೆಯಲ್ಲೇ ಪ್ರಮಾಣಪತ್ರ ತಯಾರಿಸಿಕೊಳ್ಳುವ ‘ಸೆಲ್ಫ್‌ಸರ್ಟ್’ ಎಂಬ ಚಿಕ್ಕ ಸಾಧನವೂ ಆಫೀಸ್ ತಂತ್ರಾಂಶದ ಜೊತೆಗೇ ಬಂದಿತು. ಸಹಿಯುಳ್ಳ ಮ್ಯಾಕ್ರೊಗೆ ಮಾತ್ರ ಒಪ್ಪಿಗೆ ಕೇಳಿ, ಉಳಿದವನ್ನು ತಡೆಯುವಂತೆ ಔಟ್‌ಲುಕ್‌ಗೆ ಹೇಳಿಡಬಹುದು. ಕೆಲಸ ಬೇಗ ಮುಗಿಯಲೆಂದು ಎಲ್ಲ ಮ್ಯಾಕ್ರೊಗಳಿಗೂ ಅನುಮತಿ ನೀಡುವುದು ಮನೆಯ ಬಾಗಿಲು ತೆರೆದಿಟ್ಟು ಜಾತ್ರೆಗೆ ಹೋದಂತೆ.

2022ರಲ್ಲಿ ಮೈಕ್ರೋಸಾಫ್ಟ್ ಇನ್ನೂ ಬಿಗಿಯಾಗಿ, ಅಂತರ್ಜಾಲದಿಂದ ಬಂದ ವರ್ಡ್, ಎಕ್ಸೆಲ್ ಕಡತಗಳ ಮ್ಯಾಕ್ರೊಗಳನ್ನು ತಾನಾಗಿಯೇ ತಡೆಯತೊಡಗಿತು. ಹೊಸ ಔಟ್‌ಲುಕ್‌ನಲ್ಲಂತೂ ಹಳೆಯ ರೀತಿಯ ಮ್ಯಾಕ್ರೊಗೆ ಜಾಗವೇ ಇಲ್ಲ. ಸುರಕ್ಷತೆ ಹೆಚ್ಚಿತಾದರೂ ವರ್ಷಗಟ್ಟಲೆ ತಮ್ಮ ಮ್ಯಾಕ್ರೊಗಳನ್ನು ನೆಚ್ಚಿದ್ದ ಕಚೇರಿಗಳು ಬೇರೆ ವ್ಯವಸ್ಥೆ ನೋಡಿಕೊಳ್ಳಬೇಕಾಗಿದೆ.

ಸಹಿಗೂ ಒಂದು ಮಿತಿಯುಂಟು. ಆಜ್ಞೆ ಯಾರದು, ಅದನ್ನು ತಿದ್ದಲಾಗಿದೆಯೇ ಎಂಬುದನ್ನಷ್ಟೇ ಅದು ಹೇಳಬಲ್ಲದು. ಸಹಿ ಹಾಕಿದವರನ್ನು ನಂಬಬಹುದೇ ಎಂಬುದನ್ನು ಗಣಕದ ಮುಂದೆ ಕುಳಿತವರೇ ತೀರ್ಮಾನಿಸಬೇಕು.