ಮುಚ್ಚಳದ ಕೆಳಗಿನ ಉಸಿರು



ಜಮಖಂಡಿಯ ಪಟವರ್ಧನರ, ಮುಧೋಳದ ಘೋರ್ಪಡೆಯವರ ಕಥೆ ನಿಮಗೆ ಗೊತ್ತು. ಊರಿಗೆ ನೀರು ಬಿಡುವವರ ಇತಿಹಾಸಕ್ಕೆ ಮಾತ್ರ ಪಠ್ಯಪುಸ್ತಕದಲ್ಲಿ ಸ್ಥಳವಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳು ಕೃಷ್ಣಾ, ಘಟಪ್ರಭಾ ನದಿಗಳ ಸೀಮೆಯ ಊರುಗಳು. ನದಿಯ ನೀರು ಓಣಿಯ ನಳಕ್ಕೆ ಬರಬೇಕಾದರೆ ನೆಲದಡಿಯ ವಾಲ್ವನ್ನು ಯಾರಾದರೂ ತಿರುಗಿಸಬೇಕು. ಅದು ಕೆಟ್ಟರೆ ಗುಂಡಿಗಿಳಿಯಬೇಕು. ಆ ಗುಂಡಿಯ ಕುರಿತು ಇಂದು ನಾಲ್ಕು ಮಾತು.

ನೆಲದಡಿಯಲ್ಲಿ ನೀರು ಹರಿಸುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. 1997ರವರೆಗೆ ನಮ್ಮ ಜಿಲ್ಲಾಕೇಂದ್ರವಾಗಿದ್ದ ವಿಜಾಪುರಕ್ಕೆ ಆದಿಲ್‌ಶಾಹಿ ಅರಸರು ತೊರವಿಯ ಕಡೆಯಿಂದ ಸುರಂಗದ ಮೂಲಕ ನೀರು ತಂದಿದ್ದರು. ಬೀದರಿನ ನೌಬಾದದಲ್ಲಿ ಬಹಮನಿಗಳ ಕಾಲದ ಸುರಂಗ ಕಾಲುವೆಯಿದೆ. ಅದರುದ್ದಕ್ಕೂ ಅಲ್ಲಲ್ಲಿ ಬಾವಿಯಂತಹ ಕಂಡಿಗಳಿವೆ. ಅಗೆದ ಮಣ್ಣು ಮೇಲೆ ಬಂದದ್ದೂ ಗಾಳಿ-ಬೆಳಕು ಕೆಳಗೆ ಹೋದದ್ದೂ ಆ ಕಂಡಿಗಳಿಂದಲೇ. ನೀರಿನ ದಾರಿಯೊಡನೆ ಉಸಿರಿನ ದಾರಿಯನ್ನೂ ಅವರು ಕಟ್ಟಿದ್ದರು. ಬಿಗಿಯಾಗಿ ಮುಚ್ಚಳ ಹಾಕಿದ ವಾಲ್ವಿನ ಗುಂಡಿಗೆ ಆ ಎರಡನೆಯ ದಾರಿಯಿಲ್ಲ.

ಅಂತಹ ಗುಂಡಿಯಲ್ಲಿ ಕೊಳೆಯುವ ಎಲೆ, ಹೂಳು, ತುಕ್ಕು ಹಿಡಿಯುವ ಕಬ್ಬಿಣ ಎಲ್ಲವೂ ಆಮ್ಲಜನಕವನ್ನು ಹೀರುತ್ತವೆ. ಹೊರಗಿನ ಗಾಳಿಯಲ್ಲಿ ಅದು ಶೇ. 20.9ರಷ್ಟಿರುತ್ತದೆ, ಶೇ. 19.5ಕ್ಕಿಂತ ಕಡಿಮೆಯಾದ ಸ್ಥಳ ಸುರಕ್ಷಿತವಲ್ಲ. ಚರಂಡಿಯ ನೀರು ಒಸರಿದ್ದರೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವೂ ಸೇರಬಹುದು. ಮೊದಲು ಕೊಳೆತ ಮೊಟ್ಟೆಯ ವಾಸನೆ. ಪ್ರಮಾಣ ಹೆಚ್ಚಿದಾಗ ಮೂಗಿನ ಶಕ್ತಿಯೇ ಉಡುಗಿ ವಾಸನೆ ತಿಳಿಯದು. ಹಾಳುಬಾವಿಗೆ ಇಳಿಯುವ ಮುನ್ನ ಹಿರಿಯರು ದೀಪ ಇಳಿಬಿಟ್ಟು ನೋಡುತ್ತಿದ್ದರು. ಅದು ಜಾಣತನವೇ. ಆದರೆ ವಿಷಾನಿಲದ ನಡುವೆಯೂ ದೀಪ ಉರಿದೀತು. ಮೀಥೇನ್ ಇದ್ದರೆ ದೀಪದಿಂದಲೇ ಸ್ಫೋಟವಾದೀತು. ಈ ಕೆಲಸಕ್ಕೆ ಅನಿಲ ಅಳೆಯುವ ಯಂತ್ರವೇ ಬೇಕು.

ಇದರ ಅತ್ಯಂತ ದುಃಖದ ಪಾಠ ಲಂಡನ್ನಿನ ಪೂರ್ವಕ್ಕಿರುವ ಈಸ್ಟ್ ಹ್ಯಾಮ್‌ನದು. 1895ರ ಜುಲೈ 1ರಂದು ಅಲ್ಲಿನ ಕೊಳಚೆ ನೀರಿನ ಪಂಪುಮನೆಯಲ್ಲಿ ಕೆಳಗಿಳಿದ ಒಬ್ಬ ಕೆಲಸಗಾರ ಕುಸಿದನು. ಅವನನ್ನು ಉಳಿಸಲು ಹೋದ ನಾಲ್ವರೂ ಪ್ರಾಣ ಬಿಟ್ಟರು. ಆ ನಾಲ್ವರ ಹೆಸರುಗಳನ್ನು ಲಂಡನ್ನಿನ ಪೋಸ್ಟ್‌ಮನ್ಸ್ ಪಾರ್ಕ್ ಎಂಬ ಉದ್ಯಾನದ ಫಲಕದಲ್ಲಿ ಕಾಣಬಹುದು. ಜೆ. ಎಸ್. ಹಾಲ್ಡೇನ್ ಎಂಬ ವಿಜ್ಞಾನಿ ಈ ದುರಂತವನ್ನು ಪರಿಶೀಲಿಸಿ, ಹೈಡ್ರೋಜನ್ ಸಲ್ಫೈಡೇ ಕಾರಣವೆಂದು ತಿಳಿಸಿದರು. ನಾಲ್ವರಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ. ಕೆಳಗೆ ಉಸಿರಾಡುವ ಗಾಳಿಯಿರಲಿಲ್ಲ.

ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡ 1948ರಲ್ಲಿಯೇ ಭಾರತದ ಕಾರ್ಖಾನೆ ಕಾಯ್ದೆ ಬಂದಿತು. ಅದರ 36ನೆಯ ಕಲಮು ಇಂತಹ ಇಕ್ಕಟ್ಟಾದ ಸ್ಥಳಗಳನ್ನು ಕುರಿತದ್ದು. ಗಾಳಿ ಪರೀಕ್ಷಿಸಿದ ಲಿಖಿತ ಪ್ರಮಾಣಪತ್ರವಿರಬೇಕು. ಇಲ್ಲವಾದರೆ ಇಳಿಯುವವನಿಗೆ ಉಸಿರಾಟದ ಸಾಧನವಿದ್ದು, ಸೊಂಟದ ಪಟ್ಟಿಗೆ ಕಟ್ಟಿದ ಹಗ್ಗದ ತುದಿ ಹೊರಗಿನವನ ಕೈಯಲ್ಲಿರಬೇಕು ಎಂದು ಅದು ವಿಧಿಸಿತು. ಅದು ಕಾರ್ಖಾನೆಗಳಿಗಾಗಿ ಮಾಡಿದ ಕಾಯ್ದೆ. ಆದರೆ ಬೀದಿಯ ಗುಂಡಿಗಿಳಿಯುವವನ ಉಸಿರೇನೂ ಬೇರೆಯಲ್ಲ.

ನಿಮ್ಮಲ್ಲಿ ಎಂಜಿನಿಯರರು, ಗುತ್ತಿಗೆದಾರರು, ನಗರಸಭೆಯ ಸದಸ್ಯರು ಇರಬಹುದು. ಉದ್ದ ಕೀಲಿಯಿಂದ ಮೇಲೆಯೇ ನಿಂತು ತಿರುಗಿಸಬಹುದಾದ ವಾಲ್ವಿಗೆ ಯಾರನ್ನೂ ಇಳಿಸಬೇಡಿರಿ. ಇಳಿಸಲೇಬೇಕಾದರೆ ಗಾಳಿ ಪರೀಕ್ಷಿಸಿರಿ, ಹೊಸ ಗಾಳಿ ಊದಿಸಿರಿ, ಹಗ್ಗ ಕಟ್ಟಿರಿ. ಮೇಲೆ ನಿಂತವನಿಗೆ ಒಂದು ಮಾತನ್ನು ಮನದಟ್ಟು ಮಾಡಿರಿ: ಗೆಳೆಯ ಕುಸಿದರೆ ನೀನು ಹಿಂದೆ ಧುಮುಕಬೇಡ, ಹಗ್ಗ ಎಳೆ, ಕೂಗಿ ಜನರನ್ನು ಕರೆ. ಅವನನ್ನು ಬದುಕಿಸುವವನು ಮೇಲೆಯೇ ಉಳಿದವನು.